ದಾಳಗಳಲ್ಲಿ ಅಳೆದ ಬೆಲೆ
ಪಾತ್ರಾಭಿನಯದ ಆಟ, ಎಂದರೆ ಮೇಜಿನ ಸುತ್ತ ಕುಳಿತವರು ತಲಾ ಒಂದು ಪಾತ್ರ ವಹಿಸಿ ದಾಳ ಉರುಳಿಸುತ್ತ ಕಥೆಯೊಂದನ್ನು ಕೂಡಿ ಕಟ್ಟುವ ಆಟ, ತನ್ನ ಕಲ್ಪಿತ ಲೋಕಕ್ಕೆ ಗುಲಾಮಗಿರಿಯನ್ನು ತಂದಾಗ, ಆ ಕಥೆಯಲ್ಲಿ ಗುಲಾಮರಿಗೆ ಯಾವ ಸ್ಥಾನ ದೊರೆಯಿತು ಎಂಬುದನ್ನೇ ಮೊದಲು ಕೇಳಬೇಕಾಗುತ್ತದೆ. 2022ರಲ್ಲಿ ಪ್ರಕಟವಾದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟದ ‘ಸ್ಪೆಲ್‌ಜಾಮರ್’ ಕೃತಿಯಲ್ಲಿ, ಹ್ಯಾಡೋಜೀ ಎಂಬ ವಾನರರೂಪಿ ಜನಾಂಗವನ್ನು ಮಾಂತ್ರಿಕನೊಬ್ಬ ಸೆರೆಹಿಡಿದು, ಔಷಧದಿಂದ ಬುದ್ಧಿವಂತರನ್ನಾಗಿಸಿ ಮಾರಲು ಹೊರಟನೆಂದೂ, ಅವರ ಬಿಡುಗಡೆಗೆ ನೆರವಾದವರು ಅವನ ಶಿಷ್ಯರೆಂದೂ ಬರೆಯಲಾಗಿತ್ತು. ಕಪ್ಪು ಜನರನ್ನು ಕೋತಿಗಳಿಗೆ ಹೋಲಿಸಿ ಹೀನಾಯಗೊಳಿಸಿದ ಚರಿತ್ರೆಯನ್ನು ಬಲ್ಲ ಆಟಗಾರರು ಪ್ರತಿಭಟಿಸಿದ ಮೇಲೆ ಪ್ರಕಾಶಕರು ಕ್ಷಮೆ ಕೋರಿ ಆ ಭಾಗವನ್ನು ತೆಗೆದುಹಾಕಿದರು. ತೆಗೆದದ್ದು ಸರಿಯೇ, ಆದರೆ ಅಳಿಸುವುದೊಂದೇ ದಾರಿಯಲ್ಲವೆಂಬುದನ್ನು ಜೂಲಿಯಾ ಬಾಂಡ್ ಎಲಿಂಗ್‌ಬೋ 2007ರಲ್ಲೇ ‘ಸ್ಟೀಲ್ ಅವೇ ಜೋರ್ಡನ್’ ಎಂಬ ಆಟದ ಮೂಲಕ ತೋರಿಸಿದ್ದರು. ಅಂತರ್ಯುದ್ಧಕ್ಕೆ ಮುಂಚಿನ ಅಮೆರಿಕದಲ್ಲಿ ನಡೆಯುವ ಈ ಆಟದಲ್ಲಿ ಆಟಗಾರರು ವಹಿಸುವುದು ಗುಲಾಮರ ಪಾತ್ರಗಳನ್ನೇ. ಪ್ರತಿ ಪಾತ್ರಕ್ಕೂ ‘ಬೆಲೆ’ಯೆಂಬ ಅಂಕಿಯಿದ್ದು, ಅದನ್ನು ಕಥೆ ನಡೆಸುವವರು ಕಟ್ಟುತ್ತಾರೆ, ಕೈಗೆ ಸಿಗುವ ದಾಳಗಳ ಸಂಖ್ಯೆಯೂ ಅದರಿಂದಲೇ ನಿಗದಿಯಾಗುತ್ತದೆ. ಕಡಿಮೆ ಬೆಲೆ ಕಟ್ಟಿಸಿಕೊಂಡ ತಾಯಿಯೊಬ್ಬಳು ಕೈಲಿರುವ ಕೆಲವೇ ದಾಳಗಳನ್ನು ನಂಬಿ, ಮಾರಾಟವಾಗಿ ಹೋದ ಮಗನನ್ನು ಹುಡುಕಲು ಇರುಳಲ್ಲಿ ಹೊರಟರೆ, ಅವಳನ್ನು ಕರೆದೊಯ್ಯಲು ಯಾವ ಮಾಂತ್ರಿಕನ ಶಿಷ್ಯನೂ ಬಾಗಿಲಲ್ಲಿ ನಿಂತಿರುವುದಿಲ್ಲ.