‘ಬಣ್ಣ ಹೊಡೆ’ ಎಂಬುದು ತಪ್ಪು ಕನ್ನಡವೇ?

ಧರ್ಮಪುರಿ ಜಿಲ್ಲೆಯ ಮಾರಂಡಹಳ್ಳಿಯಿಂದ ನಮ್ಮ ಐಚ್ಛಿಕ ಕನ್ನಡ ತರಗತಿಗೆ ಬಂದಿದ್ದ ವಿದ್ಯಾರ್ಥಿಯೊಬ್ಬ, ತನ್ನ ಅಣ್ಣ ಮನೆಯ ಹಿತ್ತಲಲ್ಲಿ ಕಟ್ಟುತ್ತಿದ್ದ ಕಾರಿನ ಕುರಿತು ಪ್ರಬಂಧ ಬರೆದಿದ್ದ. ಹಳೆಯ ಜೀಪಿನ ಚಾಸಿ, ಗುಜರಿಯಿಂದ ತಂದ ಎಂಜಿನ್, ಕೈಯಿಂದಲೇ ಬಡಿದು ಬಾಗಿಸಿದ ತಗಡು. ಹಳೆಯ ಫೋರ್ಡ್ ಕಾರುಗಳನ್ನು ಬಿಚ್ಚಿ, ಹಗುರಗೊಳಿಸಿ, ವೇಗಕ್ಕೆ ಹದಗೊಳಿಸುತ್ತಿದ್ದ ಕ್ಯಾಲಿಫೋರ್ನಿಯದ ಯುವಕರು ಇಂಥ ಬಂಡಿಗಳನ್ನು ಹಾಟ್ ರಾಡ್ ಎಂದು ಕರೆದರು.

‘ತುಕ್ಕು ಕೆರೆದು, ಪುಟ್ಟಿ ಮೆತ್ತಿ, ಉಪ್ಪು ಕಾಗದದಲ್ಲಿ ಉಜ್ಜಿ, ಬಣ್ಣ ಹೊಡೆದೆವು’ ಎಂದು ಅವನು ಬರೆದಿದ್ದ. ನಾನು ‘ಹೊಡೆದೆವು’ ಎಂಬುದರ ಮೇಲೆ ಕೆಂಪು ಗೆರೆ ಎಳೆದು ‘ಲೇಪಿಸಿದೆವು’ ಎಂದು ತಿದ್ದಿದೆ. ಅಂಚಿನಲ್ಲಿ ‘ತಮಿಳಿನ ಪ್ರಭಾವ’ ಎಂದು ಷರಾ ಬರೆದು ಅಂಕವನ್ನೂ ಕಳೆದೆ. ಆ ಹುಡುಗ ಮತ್ತೆ ತನ್ನ ಊರಿನ ಬಗ್ಗೆ ಒಂದು ಪುಟವನ್ನೂ ಬರೆಯಲಿಲ್ಲ. ಅನಂತರ ಬಂದವೆಲ್ಲ ‘ಗ್ರಂಥಾಲಯದ ಮಹತ್ವ’, ‘ಪರಿಸರ ಸಂರಕ್ಷಣೆ’. ಒಂದೂ ತಪ್ಪಿಲ್ಲ, ಒಂದರಲ್ಲೂ ಜೀವವಿಲ್ಲ.

ತಮಿಳರು ‘ಪೇಂಟ್ ಅಡಿ’ ಎನ್ನುವುದು ನಿಜ. ಆದರೆ ಹಬ್ಬಕ್ಕೆ ಮುನ್ನ ಮನೆಗೆ ‘ಸುಣ್ಣ ಹೊಡೆಸುವ’ ಮೈಸೂರಿನ ಗೃಹಸ್ಥರು ಯಾರ ಪ್ರಭಾವಕ್ಕೆ ಒಳಗಾದವರು? ಒಡಹುಟ್ಟಿದ ಎರಡು ಭಾಷೆಗಳಲ್ಲಿ ಒಂದೇ ನುಡಿಗಟ್ಟು ಕಂಡೊಡನೆ ಒಂದನ್ನು ಸಾಲಗಾರನೆಂದು ಬರೆದುಬಿಡುವುದು ಪಾಂಡಿತ್ಯವಲ್ಲ, ಆತುರ. ನಾನಾದರೂ ಮರಾಠಿ, ಕನ್ನಡ ಎರಡರಲ್ಲೂ ಓದಿದವನು. ಮರಾಠಿಯಲ್ಲಿ ಬಣ್ಣದ ಒಂದು ಪದರಕ್ಕೆ ‘ಹಾತ್’, ಎಂದರೆ ಕೈ, ಎನ್ನುತ್ತಾರೆ. ಹುಡುಗನಾಗಿದ್ದಾಗ ನಾನು ‘ಎರಡು ಕೈ ಬಣ್ಣ’ ಎಂದು ಬರೆದು ಇದೇ ಬಗೆಯ ಕೆಂಪು ಗೆರೆಯನ್ನು ಕಂಡಿದ್ದೆ. ಅದರ ಉರಿ ನೆನಪಿದ್ದೂ ನಾನು ಅದನ್ನೇ ಮಾಡಿದೆ.

ಕಳೆದ ಬೇಸಿಗೆಯಲ್ಲಿ ಆ ಹಿತ್ತಲನ್ನು ಕಣ್ಣಾರೆ ಕಂಡೆ. ಬಾನೆಟ್, ಮಡ್‌ಗಾರ್ಡ್, ಬಾಗಿಲು, ಎಲ್ಲವನ್ನೂ ಬಿಚ್ಚಿ ಬೇವಿನ ಕೊಂಬೆಗೆ ತಂತಿಯಲ್ಲಿ ತೂಗುಹಾಕಿದ್ದರು. ಜೋಡಿಸಿದ ಮೇಲೆ ಸಂದುಗಳಿಗೆ ಬಣ್ಣ ಮುಟ್ಟದು. ತುಕ್ಕು ಮೊದಲು ಹಿಡಿಯುವುದು ಅಲ್ಲಿಯೇ. ಮೊದಲು ರೆಡ್ ಆಕ್ಸೈಡ್. ಅದರ ಮೇಲೆ ತಗ್ಗಿಗೆ ಪುಟ್ಟಿ. ಬಳಿಕ ನೀರು ಹನಿಸುತ್ತ ಒರಟು ಕಾಗದದಿಂದ ನಯ ಕಾಗದದವರೆಗೆ ಉಜ್ಜುವುದು. ಕಣ್ಣಿಗೆ ಕಾಣದ ಏರುಪೇರು ಅಂಗೈಗೆ ತಿಳಿಯುತ್ತದೆ. “ಗೇಣು ದೂರದಿಂದ ಹೊಡೀಬೇಕು ಸಾರ್. ಹತ್ರ ಹೋದ್ರೆ ಬಣ್ಣ ಇಳಿದುಬಿಡುತ್ತೆ, ದೂರ ಹೋದ್ರೆ ಗಾಳೀಲೇ ಒಣಗಿ ಧೂಳಾಗಿ ಕೂರುತ್ತೆ” ಎಂದರು ಆ ಅಣ್ಣ. ಮೋಡ ಕವಿದ ದಿನ ಅವರು ಕೆಲಸಕ್ಕೆ ಕೈ ಹಾಕುವುದಿಲ್ಲ: ತಿನ್ನರ್ ಆರುವಾಗ ತಗಡು ತಣ್ಣಗಾಗಿ, ಗಾಳಿಯ ತೇವ ಅದರ ಮೇಲೆ ಕೂತು, ಬಣ್ಣ ಬೆಳ್ಳಗೆ ಮಂಕಾಗುತ್ತದೆ.

ಅಲ್ಲಿ ನಿಂತಾಗ ನನ್ನ ತಿದ್ದುಪಡಿಯೇ ತಪ್ಪೆಂದು ಹೊಳೆಯಿತು. ಲೇಪಿಸುವುದು ಗಂಧವನ್ನು, ಅಲ್ಲಿ ಕೈ ಮೈಯನ್ನು ಮುಟ್ಟುತ್ತದೆ. ಕುಂಚದಿಂದ ಬಳಿಯುತ್ತೇವೆ, ಪುಟ್ಟಿಯನ್ನು ಮೆತ್ತುತ್ತೇವೆ. ಗನ್ನಿನಿಂದ ಚಿಮ್ಮಿದ ಬಣ್ಣ ಯಾವ ಕೈಯೂ ಮುಟ್ಟದೆ ತಗಡಿಗೆ ತಾಗುತ್ತದೆ. ಅದಕ್ಕೆ ‘ಹೊಡೆ’ ಎಂಬುದೇ ನಿಖರವಾದ ಧಾತು.

(ಆ ಕಾರು ರಸ್ತೆಗೆ ಇಳಿಯುವಂತಿಲ್ಲ, ಅದು ಬೇರೆ ಮಾತು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ವಾಹನದ ಮೂಲ ರಚನೆಯನ್ನು ಮನಬಂದಂತೆ ಬದಲಿಸಲು ಬಿಡದು. ಅಣ್ಣನಿಗೂ ಅದು ಗೊತ್ತು.)

1894ರಲ್ಲಿ ಪ್ರಕಟವಾದ ಕಿಟೆಲ್ ನಿಘಂಟು ಕಾವ್ಯದ ಪದಗಳ ಪಕ್ಕದಲ್ಲಿಯೇ ಆಡುಮಾತಿಗೂ ಗಾದೆಗೂ ಜಾಗ ಕೊಟ್ಟಿತು. ನಾವೋ ಐಚ್ಛಿಕ ಕನ್ನಡದ ಕಿರುಯೋಜನೆಯೆಂದರೆ ಇಂದಿಗೂ ಕವಿ-ಕಾವ್ಯ-ಕಾಲವನ್ನೇ ಹಂಚುತ್ತಿದ್ದೇವೆ. ಗಡಿಯಾಚೆಯಿಂದ ಬರುವ ಮಕ್ಕಳ ಮನೆಮಾತನ್ನು, ಅವರ ಮನೆಯವರ ಕಸುಬಿನ ಪದಗಳನ್ನು ಸಂಗ್ರಹಿಸುವುದೂ ಕಿರುಯೋಜನೆಯಾಗಲಿ ಎಂದು ವಿಭಾಗದ ಮುಂದಿನ ಸಭೆಯಲ್ಲಿ ಕೇಳಲಿದ್ದೇನೆ. ಅಂಥ ಬರಹಗಳಲ್ಲಿ ‘ಗ್ರಾಮ್ಯ’ವೆಂದು ಅಂಕ ಕಳೆಯಬಾರದೆಂದೂ ಕೇಳುತ್ತೇನೆ. ಆ ಹುಡುಗನ ಅಂಕಪಟ್ಟಿಯನ್ನು ತಿದ್ದುವ ಅಧಿಕಾರ ಮಾತ್ರ ಈಗ ನನಗಿಲ್ಲ.