ದೇಹವೂ ಲೆಕ್ಕ ಬರೆದಿಡುತ್ತದೆ

ಸಹ್ಯಾದ್ರಿಯ ಮಳೆನೀರು ಘಟಪ್ರಭೆಯಾಗಿ ಮುಧೋಳ ಸೀಮೆಗೂ ಕೃಷ್ಣೆಯಾಗಿ ರಬಕವಿ, ಜಮಖಂಡಿಗಳಿಗೂ ಹರಿದು ಬೀಳಗಿ ತಾಲ್ಲೂಕಿನಲ್ಲಿ ಒಂದಾಗುತ್ತದೆ. ಆ ಸೀಮೆಯ ಕಬ್ಬಿನ ಮಾತು ಬಂದಾಗ ಬೆಟ್ಟದವರಾದ ನಾವು ಎಷ್ಟು ನೀರು ಖರ್ಚಾಯಿತು, ಎಷ್ಟು ಭೂಮಿ ಸವುಳು-ಜವುಳಾಯಿತು ಎಂದು ಕೇಳುತ್ತೇವೆ. ಕೇಳಬೇಕಾದ ಪ್ರಶ್ನೆಗಳೇ. ಆದರೆ ಆ ಕಬ್ಬನ್ನು ಕಡಿದವರ ದೇಹ ಏನಾಯಿತು ಎಂದು ಕೇಳುವುದಿಲ್ಲ.

ಸವುಳು ಒಂದೇ ದಿನದಲ್ಲಿ ಬರುವುದಲ್ಲ. ಹೊಲದ ಮೇಲೆ ಬಿಳಿಯ ಪದರ ಕಾಣಿಸುವ ವೇಳೆಗೆ ಒಳಗಿನ ಕೇಡು ಹಳೆಯದಾಗಿರುತ್ತದೆ. ಬಡವರ ಅನಾರೋಗ್ಯವೂ ಹಾಗೆಯೇ. ಐವತ್ತರಲ್ಲಿ ಕಾಣಿಸುವ ರೋಗದ ಬೇರು ತಾಯಿಯ ಗರ್ಭದಲ್ಲಿಯೇ ಇರಬಹುದು.

ಇದಕ್ಕೆ ನಮ್ಮ ರಾಜ್ಯದಲ್ಲಿಯೇ ಆಧಾರವಿದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯು 1934ರಿಂದ ಶಿಶುಗಳ ಜನನ ತೂಕವನ್ನು ದಾಖಲಿಸಿಟ್ಟಿತ್ತು. ಅಲ್ಲಿ 1934 ಮತ್ತು 1954ರ ನಡುವೆ ಹುಟ್ಟಿದ 517 ಜನರನ್ನು ಪರೀಕ್ಷಿಸಿ 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಕದಲ್ಲಿ ಹುಟ್ಟಿದವರ ಪೈಕಿ ಶೇ. 11 ಮಂದಿಗೆ ಹೃದ್ರೋಗವಿತ್ತು. 3.1 ಕಿಲೋ ಮೀರಿ ಹುಟ್ಟಿದವರಲ್ಲಿ ಅದು ಶೇ. 3 ಮಾತ್ರ. ಪುಣೆ ಸಮೀಪದ ಹಳ್ಳಿಗಳ ಅಧ್ಯಯನವೊಂದು, ಗರ್ಭಿಣಿಯ ಅತಿಯಾದ ದುಡಿಮೆಗೂ ಶಿಶುವಿನ ಗಾತ್ರ ಕುಗ್ಗುವುದಕ್ಕೂ ನಂಟಿರುವುದನ್ನು ತೋರಿಸಿತು.

ಈಗ ಕಬ್ಬಿನ ಗದ್ದೆಗೆ ಬನ್ನಿ. ನುರಿಸುವ ಹಂಗಾಮಿನಲ್ಲಿ ವಿಜಯಪುರ ಜಿಲ್ಲೆಯಿಂದಲೂ ಗಡಿಯಾಚೆಯ ಬೀಡ ಜಿಲ್ಲೆಯಿಂದಲೂ ದಂಪತಿಗಳು ಮುಂಗಡ ಹಣ ಪಡೆದು ಈ ಭಾಗಕ್ಕೆ ಬರುತ್ತಾರೆ. ಕಡಿದ ಟನ್ನಿನ ಲೆಕ್ಕದಲ್ಲಿ ಕೂಲಿ. ಒಂದು ದಿನ ಮಲಗಿದರೆ ಸಾಲ ಉಳಿಯುತ್ತದೆ. ಬಸುರಿಯೂ ಹೊರೆ ಹೊರುತ್ತಾಳೆ. 2019ರಲ್ಲಿ ಮಹಾರಾಷ್ಟ್ರ ಸರ್ಕಾರದ ಸಮಿತಿಯೊಂದು ಬೀಡ ಜಿಲ್ಲೆಯ ಕಬ್ಬು ಕಡಿಯುವ 82,309 ಮಹಿಳೆಯರ ಸಮೀಕ್ಷೆ ನಡೆಸಿದಾಗ 13,861 ಮಂದಿಯ ಗರ್ಭಕೋಶವನ್ನು ತೆಗೆದುಹಾಕಿರುವುದು ಕಂಡುಬಂದಿತು. ಸರಿಸುಮಾರು ಆರರಲ್ಲೊಬ್ಬರು! ಶೌಚಾಲಯವಿಲ್ಲದ ಗುಡಿಸಲು, ಮುಟ್ಟಿನ ದಿನಗಳಲ್ಲಿಯೂ ಬಿಡುವಿಲ್ಲದ ಕೆಲಸ, ಕಾಯಿಲೆಗೆ ಶಸ್ತ್ರಚಿಕಿತ್ಸೆಯನ್ನೇ ಮುಂದಿಡುವ ಖಾಸಗಿ ವೈದ್ಯ: ಇವೆಲ್ಲ ಸೇರಿದಾಗ ಗರ್ಭಕೋಶವೂ ಕೂಲಿಗೆ ಅಡ್ಡಿಯಾಗಿ ತೋರುತ್ತದೆ. ಆಕೆಯ ಮಗಳು ಶಾಲೆ ಬಿಟ್ಟು ಗದ್ದೆಯ ಬದುವಿನಲ್ಲಿ ತಮ್ಮನನ್ನು ಆಡಿಸುತ್ತಾಳೆ. ಮುಂದೆ ಅವಳ ಕೈಗೂ ಕುಡುಗೋಲು ಬರುತ್ತದೆ.

ರಬಕವಿ-ಬನಹಟ್ಟಿಯ ನೇಕಾರರ ಕಥೆ ಬೇರೆ, ಲೆಕ್ಕ ಒಂದೇ. ವಿದ್ಯುತ್ ಮಗ್ಗದ ಸದ್ದು ಕಿವಿಯನ್ನೂ ಹತ್ತಿಯ ಧೂಳು ಶ್ವಾಸಕೋಶವನ್ನೂ ವರ್ಷಾನುಗಟ್ಟಲೆ ಸವೆಸುತ್ತವೆ. ಮನೆಯೇ ಕಾರ್ಖಾನೆಯಾದಲ್ಲಿ ತೊಟ್ಟಿಲಿನ ಕೂಸಿಗೂ ಅದೇ ಗಾಳಿ. ಬೀಳಗಿಯಲ್ಲಿ ಆಲಮಟ್ಟಿಯ ಹಿನ್ನೀರು ಹೊಲಗಳನ್ನು ನುಂಗಿತು. ನಡುವಯಸ್ಸಿನಲ್ಲಿ ಹೊಲ ಹೋದ ರೈತ ಕೂಲಿಯಾದರೆ, ಮನೆಯ ಜೋಳ, ಕಾಳು, ಹಾಲು ಅಂಗಡಿಯ ಸರಕಾಗುತ್ತವೆ. ಪರಿಹಾರದ ಹಣದಲ್ಲಿ ಈ ನಷ್ಟದ ಎಣಿಕೆಯಿಲ್ಲ.

ತಂಬಾಕು, ಕುಡಿತಗಳಿಂದ ಅವರೇ ಆರೋಗ್ಯ ಕೆಡಿಸಿಕೊಳ್ಳುತ್ತಾರೆ ಎನ್ನುವವರಿದ್ದಾರೆ. ಚಟಗಳ ಕೇಡು ನಿಜ. ಆದರೆ ಲಂಡನ್ನಿನ ಸರ್ಕಾರಿ ನೌಕರರ ಬಗ್ಗೆ 1967ರಲ್ಲಿ ಆರಂಭವಾದ ಅಧ್ಯಯನವು, ಧೂಮಪಾನ, ರಕ್ತದೊತ್ತಡಗಳನ್ನು ಲೆಕ್ಕಕ್ಕೆ ಹಿಡಿದ ಮೇಲೂ ಕೆಳದರ್ಜೆಯವರೇ ಬೇಗ ಸಾಯುತ್ತಾರೆ ಎಂದು ತೋರಿಸಿತು. ಆರೋಗ್ಯ ಶಿಬಿರದಲ್ಲಿ ಮಾತ್ರೆ ಕೊಟ್ಟು ಉಪದೇಶ ಮಾಡಿದರೆ ಈ ಅಂತರ ಅಳಿಯುವುದಿಲ್ಲ.

ಬೇಕಾದದ್ದು ದೊಡ್ಡ ತಂತ್ರಜ್ಞಾನವಲ್ಲ. ಕಬ್ಬಿನ ಗುಡಿಸಲುಗಳ ಬಳಿ ನೀರು, ಶೌಚಾಲಯ, ಅಂಗನವಾಡಿ. ವಾರಕ್ಕೊಂದು ದಿನ ಕೂಲಿಸಹಿತ ಬಿಡುವು. ಬಸುರಿ-ಬಾಣಂತಿಯರಿಗೆ ವೇತನಸಹಿತ ರಜೆ. ನೇಕಾರರಿಗೆ ನಿಯಮಿತ ಕಿವಿ ಮತ್ತು ಶ್ವಾಸಕೋಶ ತಪಾಸಣೆ. ಸಂತ್ರಸ್ತರಿಗೆ ಭೂಮಿಗೆ ಭೂಮಿ. ಸಕ್ಕರೆಯ ಮತ್ತು ಸೀರೆಯ ಬೆಲೆಯಲ್ಲಿ ಈ ಖರ್ಚು ಸೇರಲೇಬೇಕು. ಈಗ ಅದನ್ನು ದುಡಿಯುವವರ ದೇಹ ಭರಿಸುತ್ತಿದೆ.

ಇದು ಬಯಲುಸೀಮೆಯ ಸಂಗತಿಯೆಂದು ನಾವು ಸುಮ್ಮನಿರುವಂತಿಲ್ಲ. ನಮ್ಮ ಕಾಫಿ, ಅಡಿಕೆ ತೋಟಗಳಿಗೂ ಉತ್ತರ ಕರ್ನಾಟಕದ ಕೂಲಿಗಳು ಬರುತ್ತಾರೆ. ಹೊಳೆಯ ನೀರನ್ನೂ ತೋಟದ ಮಣ್ಣನ್ನೂ ಪರೀಕ್ಷೆ ಮಾಡುವ ವಿದ್ಯಾರ್ಥಿಗಳು ಈ ವರ್ಷ ತೋಟದ ಲೈನ್ ಮನೆಗಳಿಗೂ ಹೋಗಲಿ. ಬಸುರಿಯರು ಎಷ್ಟು ತಿಂಗಳವರೆಗೆ ದುಡಿಯುತ್ತಾರೆ, ಮಕ್ಕಳು ಎಷ್ಟು ತೂಕದಲ್ಲಿ ಹುಟ್ಟುತ್ತಾರೆ ಎಂದು ಕೇಳಿ ಬರೆದುಕೊಳ್ಳಲಿ. ಆ ಪಟ್ಟಿ ಗ್ರಾಮಸಭೆಯ ಮುಂದೆ ಬರಲಿ.