ಗಾಳದ ತುದಿಯ ಕಟ್ಟುಕಥೆಗಳು

1932ನೆಯ ಇಸವಿ ಜೂನ್ 2. ಅಮೆರಿಕದ ದಕ್ಷಿಣದ ಜಾರ್ಜಿಯಾ ಸಂಸ್ಥಾನದಲ್ಲಿ ಮಳೆ ಬಿದ್ದು, ಹೊಲವೆಲ್ಲ ನೇಗಿಲು ಹೂಡಲಾಗದಷ್ಟು ಕೆಸರಾಗಿತ್ತು. ದೇಶದಲ್ಲೆಲ್ಲ ಆರ್ಥಿಕ ಮುಗ್ಗಟ್ಟಿನ ಕಾಲ. ತಂದೆಯನ್ನು ಕಳೆದುಕೊಂಡು, ತಾಯಿಯನ್ನೂ ಒಡಹುಟ್ಟಿದವರನ್ನೂ ಸಾಕುವ ಹೊಣೆ ಹೊತ್ತಿದ್ದ ಜಾರ್ಜ್ ಪೆರಿ ಎಂಬ ತರುಣ ರೈತನು, ಹೊಲದ ಕೆಲಸ ಸಾಗದೆಂದು ಗೆಳೆಯನೊಬ್ಬನನ್ನು ಕರೆದುಕೊಂಡು ಮೀನು ಹಿಡಿಯಲು ಹೊರಟನು. ಇಬ್ಬರಿಗೂ ಸೇರಿ ಇದ್ದುದು ಒಂದೇ ಗಾಳದ ಕೋಲು, ಒಂದೇ ಮರದ ಹುಸಿಮೀನು. ಓಕ್ಮಲ್ಗೀ ನದಿಯು ತನ್ನ ಹಳೆಯ ಪಾತ್ರವನ್ನು ತೊರೆದು ಬಿಟ್ಟುಹೋದ ಮಡುವಿಗೆ ಮಾಂಟ್ಗೋಮರಿ ಸರೋವರವೆಂದು ಹೆಸರು. ಅಲ್ಲಿ ಪೆರಿಯ ಗಾಳಕ್ಕೆ ಸಿಕ್ಕಿದ ಬಾಸ್ ಮೀನು 22 ಪೌಂಡು 4 ಔನ್ಸು ತೂಗಿತು. ಎಂದರೆ ಹತ್ತು ಕಿಲೋಗ್ರಾಮಿಗೂ ತುಸು ಹೆಚ್ಚು. ಅಷ್ಟು ಭಾರದ ದೊಡ್ಡಬಾಯಿ ಬಾಸ್ ಅದಕ್ಕೆ ಮುನ್ನ ಯಾರ ಲೆಕ್ಕದಲ್ಲಿಯೂ ದಾಖಲಾಗಿರಲಿಲ್ಲ.

ಅದನ್ನು ಹೆಲೆನಾ ಎಂಬ ಪುಟ್ಟ ಊರಿನ ಅಂಚೆ ಕಚೇರಿಯಲ್ಲಿ ತೂಗಿಸಿದ್ದಾಯಿತು. ಪತ್ರಿಕೆಯೊಂದರ ಸ್ಪರ್ಧೆಗೆ ವಿವರ ಕಳುಹಿಸಿದುದಕ್ಕೆ ಪೆರಿಗೆ 75 ಡಾಲರ್ ಬೆಲೆಯ ಸಾಮಾನು ಬಹುಮಾನವಾಗಿಯೂ ಬಂದಿತು. ಆದರೆ ಮೀನು ಏನಾಯಿತು? ಗಾಜಿನ ಪೆಟ್ಟಿಗೆಯನ್ನು ಸೇರಲಿಲ್ಲ. ಗೋಡೆಯ ಮೇಲೆ ಅಲಂಕಾರವಾಗಲಿಲ್ಲ. ಮನೆಯವರೆಲ್ಲ ಕುಳಿತು ಅದನ್ನು ಉಂಡರು. ಎರಡು ಹೊತ್ತಿನ ಊಟಕ್ಕೆ ಅದು ಸಾಕಾಯಿತೆಂದು ಪ್ರತೀತಿ.

ಇಂದಿನ ಅಮೆರಿಕದ ಬಾಸ್ ಪ್ರಿಯರಲ್ಲಿ ಹಲವರಿಗೆ ಈ ಕಥೆ ಕೇಳಿದರೆ ಎದೆ ಝಲ್ಲೆನ್ನುವುದುಂಟು. ದಾಖಲೆಯ ಮೀನನ್ನು ಹುರಿದು ತಿನ್ನುವುದೇ! 1968ರಲ್ಲಿ ರೇ ಸ್ಕಾಟ್ ಎಂಬಾತನು ಬಾಸ್ ಗಾಳಗಾರರ ದೊಡ್ಡ ಸಂಘವೊಂದನ್ನು ಕಟ್ಟಿದನು. 1972ರಿಂದ ಆ ಸಂಘದ ಪಂದ್ಯಗಳಲ್ಲಿ ಹಿಡಿದ ಮೀನನ್ನು ತೂಗಿ, ಜೀವಸಹಿತ ನೀರಿಗೆ ಮರಳಿಸುವ ಪದ್ಧತಿ ಬೇರೂರಿತು. ಕ್ರಮೇಣ ಅದು ಪಂದ್ಯದ ನಿಯಮವಷ್ಟೇ ಆಗಿ ಉಳಿಯದೆ ಒಂದು ಬಗೆಯ ಧರ್ಮವೇ ಆಯಿತು. ಬಾಸನ್ನು ಬಿಡುವವನು ಸಜ್ಜನ, ತಿನ್ನುವವನು ಹೊಟ್ಟೆಬಾಕ ಎಂಬ ಭಾವನೆ ಬೆಳೆಯಿತು. ಈ ಭಾವನೆಯಲ್ಲಿ ದಿಟವೆಷ್ಟು, ಕಟ್ಟುಕಥೆಯೆಷ್ಟು ಎಂಬುದು ವಿಚಾರ ಮಾಡತಕ್ಕ ಸಂಗತಿ. ಮೀನನ್ನು ಮುಟ್ಟದ ಮನೆಯವರಿಗೂ ಇದರಲ್ಲಿ ತಿಳಿಯಬೇಕಾದ ಸ್ವಾರಸ್ಯವಿದೆ.

ಮೊದಲಿಗೆ ಮೀನಿನ ಪರಿಚಯ. ಹೆಸರು ಬಾಸ್ ಎಂದಿದ್ದರೂ, ಸಮುದ್ರದ ಬಾಸ್‌ಗೂ ಇದಕ್ಕೂ ಹತ್ತಿರದ ನೆಂಟಸ್ತನವಿಲ್ಲ. ಇದು ಉತ್ತರ ಅಮೆರಿಕದ ಸಿಹಿನೀರಿನಲ್ಲಿ ಹುಟ್ಟಿದ ಸನ್‌ಫಿಶ್ ಕುಲಕ್ಕೆ ಸೇರಿದುದು. ಮೈ ಹಸುರು, ಹೊಟ್ಟೆ ಬಿಳುಪು, ಪಕ್ಕೆಯುದ್ದಕ್ಕೂ ಕಪ್ಪು ಪಟ್ಟೆ. ಬಾಯಿಯ ಮೂಲೆ ಕಣ್ಣನ್ನೂ ದಾಟಿ ಹಿಂದಕ್ಕೆ ಹೋಗುವುದರಿಂದ ದೊಡ್ಡಬಾಯಿ ಬಾಸ್ ಎಂಬ ಹೆಸರು ಬಂದಿದೆ. ಜೊಂಡಿನ ಮರೆಯಲ್ಲಿಯೋ ಬಿದ್ದ ಮರದ ನೆರಳಿನಲ್ಲಿಯೋ ಹೊಂಚಿ ನಿಂತು, ಹತ್ತಿರ ಸುಳಿದ ಮೀನು, ಕಪ್ಪೆ, ಸಿಗಡಿಗಳನ್ನು ಒಮ್ಮೆಗೇ ಬಾಯಿತೆರೆದು ನೀರಿನೊಂದಿಗೆ ಒಳಗೆಳೆದುಕೊಳ್ಳುವುದು ಇದರ ಬೇಟೆಯ ಕ್ರಮ.

ಇನ್ನು ನಂಬಿಕೆಗಳ ಸರದಿ. ಮಳೆ ಬರುವ ಮುನ್ನ ವಾಯುಭಾರ ಇಳಿಯುತ್ತದೆ. ಮೀನಿಗೆ ಅದು ತಿಳಿದು ಹಸಿವು ಕೆರಳುತ್ತದೆ. ಆಗ ಗಾಳ ಹಾಕಿದವನು ಬರಿಗೈಯಲ್ಲಿ ಮರಳುವುದಿಲ್ಲ ಎಂಬುದು ಗಾಳಗಾರರ ಬಹುಕಾಲದ ನಂಬಿಕೆ. ಪೆರಿಯ ಮೀನೂ ಮಳೆಯ ದಿನವೇ ಸಿಕ್ಕಿತಲ್ಲವೇ ಎಂದು ಕೇಳುವವರಿದ್ದಾರೆ. ಆದರೆ ಲೆಕ್ಕ ಬೇರೆಯನ್ನೇ ಹೇಳುತ್ತದೆ. ಮೋಡ ಕವಿದು ಮಳೆ ಸುರಿಯುವಾಗ ವಾಯುಭಾರವು 20 ಮಿಲಿಬಾರ್ ಇಳಿಯಿತೆಂದು ಇಟ್ಟುಕೊಂಡರೂ, ಅದು ಸುಮಾರು 20 ಸೆಂಟಿಮೀಟರ್ ಆಳದ ನೀರಿನ ಒತ್ತಡಕ್ಕೆ ಸಮ. ಒಂದು ಗೇಣಿನಷ್ಟು ಮೇಲೆ ಬಂದರೆ ಮೀನಿಗೆ ಅಷ್ಟೇ ವ್ಯತ್ಯಾಸವಾಗುತ್ತದೆ. ಬಾಸ್ ಆದರೋ ದಿನಕ್ಕೆ ಹಲವು ಬಾರಿ ಆಳುದ್ದ ಏರಿ ಇಳಿಯುವ ಪ್ರಾಣಿ. ಮೋಡದ ದಿನ ಮೀನು ಹೆಚ್ಚು ಸಿಕ್ಕುವುದಾದರೆ ಅದಕ್ಕೆ ಮಂದ ಬೆಳಕನ್ನೂ ಗಾಳಿಗೆ ಕದಡಿದ ನೀರಿನ ಮೇಲ್ಮೈಯನ್ನೂ ಕಾರಣವೆನ್ನುವುದು ಹೆಚ್ಚು ಯುಕ್ತ. ಹೊಂಚು ಹಾಕುವವನಿಗೆ ಮಬ್ಬು ಬೆಳಕು ಅನುಕೂಲ ತಾನೆ?

ದಡದಲ್ಲಿ ಕುಳಿತವರು ಮಾತನಾಡಬಾರದೆಂಬುದು ಇನ್ನೊಂದು ಕಟ್ಟಳೆ. ಎಷ್ಟೋ ಮನೆಗಳಲ್ಲಿ ಮಕ್ಕಳು ಅಜ್ಜನ ಜೊತೆ ಗಾಳಕ್ಕೆ ಹೋಗಿ ಬಾಯಿಗೆ ಬೀಗ ಹಾಕಿಕೊಂಡು ಕುಳಿತ ಅನುಭವವಿದ್ದೀತು. ವಾಸ್ತವವಾಗಿ ಗಾಳಿಯಲ್ಲಿ ಹುಟ್ಟಿದ ಶಬ್ದದ ಬಹುಭಾಗವು ನೀರಿನ ಮೇಲ್ಮೈಗೆ ತಾಗಿ ಹಿಂದಕ್ಕೆ ಚಿಮ್ಮುತ್ತದೆ, ಒಳಗಿಳಿಯುವುದು ಅತ್ಯಲ್ಪ. ಆದುದರಿಂದ ಮೆಲ್ಲನೆ ಹರಟುವುದಕ್ಕೆ ಅಡ್ಡಿಯಿಲ್ಲ. ಆದರೆ ಮೀನು ಕಿವುಡು ಎಂದೂ ತಿಳಿಯಬಾರದು. ಅದರ ತಲೆಯೊಳಗೆ ಕಿವಿಯಿದೆ. ಪಕ್ಕೆಯುದ್ದಕ್ಕೂ ನೀರಿನ ಸಣ್ಣ ಅಲುಗಾಟವನ್ನು ಗುರುತಿಸುವ ಸಂವೇದನೆಯ ಸಾಲೊಂದಿದೆ. ದೋಣಿಯ ಹಲಗೆಯ ಮೇಲೆ ದಬಕ್ಕನೆ ಇಟ್ಟ ಹೆಜ್ಜೆ, ದಡದ ಮೇಲಿನ ಕುಣಿತ, ಇವು ನೇರವಾಗಿ ನೀರಿಗೆ ದಾಟಿ ಮೀನನ್ನು ಎಚ್ಚರಿಸುತ್ತವೆ. ಅಜ್ಜನು ಮಗುವಿನ ಬಾಯಿಗಿಂತ ಕಾಲನ್ನು ಹಿಡಿತದಲ್ಲಿಡುವುದು ಲೇಸು.

ಬಣ್ಣದ ಮಾತಿಗೆ ಬಂದರೆ, ಹುಸಿಮೀನು ಮಾರುವ ಅಂಗಡಿಯಲ್ಲಿ ಕಾಮನಬಿಲ್ಲೇ ತೂಗುಹಾಕಿದಂತಿರುತ್ತದೆ. ಒಂದೊಂದು ಹೊತ್ತಿಗೆ ಒಂದೊಂದು ಬಣ್ಣವೆಂದು ಗಾಳಗಾರನು ಪೆಟ್ಟಿಗೆ ತುಂಬಿಸುತ್ತಾನೆ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಬಾಸ್ ಮೀನಿನ ಕಣ್ಣನ್ನು ಪರೀಕ್ಷಿಸಿ, ಅದರಲ್ಲಿ ಕೆಂಪು ಮತ್ತು ಹಸುರು ಬೆಳಕಿಗೆ ಸ್ಪಂದಿಸುವ ಎರಡೇ ಬಗೆಯ ಬಣ್ಣದ ಕೋಶಗಳಿವೆಯೆಂದು ಕಂಡರು. ಕೆಂಪನ್ನೂ ಹಸುರನ್ನೂ ಅದು ಚೆನ್ನಾಗಿ ಬೇರ್ಪಡಿಸಬಲ್ಲುದು. ಆದರೆ ಮಿರುಗುವ ಹಸುರುಹಳದಿಗೂ ಬಿಳಿಗೂ, ನೀಲಿಗೂ ಕಪ್ಪಿಗೂ ಅದರ ಕಣ್ಣಿಗೆ ಭೇದ ತೋರುವುದು ಕಷ್ಟ. ಮೀನಿಗೆ ಬಣ್ಣವೇ ಕಾಣದೆಂಬ ಹಳೆಯ ಮಾತೂ ಸುಳ್ಳು, ಎಲ್ಲ ಬಣ್ಣವೂ ಬೇಕೆಂಬ ಅಂಗಡಿಯವನ ಮಾತೂ ಸುಳ್ಳು ಎಂದಂತಾಯಿತು.

ಮೀನಿಗೆ ನೆನಪಿಲ್ಲವೆಂಬ ಮಾತೂ ಹೀಗೆಯೇ ನಿಲ್ಲತಕ್ಕುದಲ್ಲ. ಶೃಂಗೇರಿಯ ತುಂಗೆಯ ಮೆಟ್ಟಿಲುಗಳಲ್ಲಿ ಮಂಡಕ್ಕಿ ಎರಚುವ ಯಾತ್ರಿಕರ ಸುಳಿವು ಸಿಕ್ಕೊಡನೆ ಗುಂಪುಗೂಡುವ ಮೀನುಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಾಳದ ವಿಷಯದಲ್ಲಂತೂ ಇಲಿನಾಯ್‌ನ ರಿಜ್ ಲೇಕ್ ಎಂಬ ಕೆರೆಯಿಂದ ಆರಂಭವಾದ ದೀರ್ಘ ಪರೀಕ್ಷೆಯೊಂದು ಇನ್ನೂ ಆಳವಾದ ಸಂಗತಿಯನ್ನು ಹೊರಗೆಡಹಿತು. ಸುಲಭವಾಗಿ ಗಾಳಕ್ಕೆ ಬೀಳುವ ಬಾಸ್‌ಗಳನ್ನೂ, ಅಪರೂಪಕ್ಕೂ ಬೀಳದ ಬಾಸ್‌ಗಳನ್ನೂ ಬೇರೆಬೇರೆಯಾಗಿ ಮೂರು ತಲೆಮಾರು ಬೆಳೆಸಿ ನೋಡಿದರು. ಗಾಳಕ್ಕೆ ಬೀಳುವ ಗುಣ ತಂದೆತಾಯಿಗಳಿಂದ ಮರಿಗಳಿಗೆ ಇಳಿದು ಬರುತ್ತದೆಂದು 2009ರಲ್ಲಿ ಪ್ರಕಟಿಸಿದರು.

ಇಲ್ಲಿ ಒಂದು ಮನ ಕಲಕುವ ಅಂಶವಿದೆ. ಬಾಸ್ ಕುಟುಂಬದಲ್ಲಿ ಮರಿಗಳ ಪಾಲನೆ ತಂದೆಯದು. ವಸಂತದಲ್ಲಿ ನೀರು ಬೆಚ್ಚಗಾಗುತ್ತಲೇ ಗಂಡುಮೀನು ಬಾಲದಿಂದ ತಳವನ್ನು ಗುಡಿಸಿ ಬಟ್ಟಲಿನಂತಹ ಗೂಡು ಮಾಡುತ್ತದೆ. ಹೆಣ್ಣು ಮೊಟ್ಟೆಯಿಟ್ಟು ಹೊರಟುಹೋಗುತ್ತದೆ. ಅನಂತರ ತಂದೆಯು ಮೊಟ್ಟೆಗಳಿಗೆ ಈಜುರೆಕ್ಕೆಯಿಂದ ಗಾಳಿ ಬೀಸಿದಂತೆ ನೀರು ಬೀಸುತ್ತ, ಹತ್ತಿರ ಬಂದ ಕಳ್ಳರನ್ನು ಅಟ್ಟುತ್ತ, ಮರಿಗಳು ಈಜಿ ಬೇರೆಯಾಗುವವರೆಗೆ ಕಾವಲಿರುತ್ತದೆ. ಆ ದಿನಗಳಲ್ಲಿ ಗೂಡಿನ ಬಳಿ ಬಿದ್ದ ಗಾಳವನ್ನು ಅದು ಕಚ್ಚುವುದು ಹಸಿವಿನಿಂದಲ್ಲ, ಮರಿಗಳಿಗೆ ಶತ್ರು ಬಂದನೆಂಬ ಕೋಪದಿಂದ. ಬೇಗ ಗಾಳಕ್ಕೆ ಬೀಳುವ ತಳಿಯ ಗಂಡುಗಳೇ ಹೆಚ್ಚು ನಿಷ್ಠೆಯಿಂದ ಗೂಡು ಕಾಯುವವೆಂಬುದೂ ಆ ವಿಜ್ಞಾನಿಗಳಿಗೆ ಕಂಡುಬಂದಿತು. ಹಿಡಿದವನು ಮೀನನ್ನು ತೂಗಿ, ಚಿತ್ರ ತೆಗೆಸಿ, ನೀರಿಗೆ ಬಿಡುವಷ್ಟರಲ್ಲಿ ಬ್ಲೂಗಿಲ್ ಎಂಬ ಚಿಕ್ಕ ಮೀನುಗಳು ನುಗ್ಗಿ ಮೊಟ್ಟೆಗಳನ್ನು ಸೂರೆ ಮಾಡಬಲ್ಲವು. ಬಿಟ್ಟೆನಲ್ಲ, ಪಾಪವೇನು ಬಂತು ಎಂದು ನಂಬಿ ಮನೆಗೆ ಹೋಗುವವನಿಗೆ ಬರಿದಾದ ಗೂಡು ಕಾಣುವುದಿಲ್ಲ.

ಹಾಗಾದರೆ ಬಿಡುವುದು ತಪ್ಪೇ? ಎಲ್ಲೆಡೆಯೂ ಅಲ್ಲ. ದೊಡ್ಡ ಮೀನುಗಳು ವಿರಳವಾದ ನೀರಿನಲ್ಲಿ ಅವುಗಳನ್ನು ಬಿಡುವುದು ಒಳ್ಳೆಯದೇ. ಆದರೆ ಚಿಕ್ಕ ಕೆರೆಯಲ್ಲಿ ಸಣ್ಣ ಬಾಸ್‌ಗಳು ಕಿಕ್ಕಿರಿದಾಗ ಯಾವುದಕ್ಕೂ ಹೊಟ್ಟೆ ತುಂಬದೆ, ಎಲ್ಲವೂ ಬಡಕಲಾಗಿ ಗಿಡ್ಡವಾಗಿ ಉಳಿಯುತ್ತವೆ. ಅಂಥಲ್ಲಿ ಕೆಲವನ್ನು ಹಿಡಿದು ಅಡುಗೆಮನೆಗೆ ಒಯ್ಯುವುದೇ ಕೆರೆಗೆ ಉಪಕಾರ. ಅಮೆರಿಕದ ಮೀನುಗಾರಿಕೆ ಅಧಿಕಾರಿಗಳು ಹಲವು ಕೆರೆಗಳಲ್ಲಿ ಇಂತಿಷ್ಟು ಅಂಗುಲದ ಒಳಗಿನವನ್ನು ಒಯ್ಯಬಹುದು, ನಡುವಿನವನ್ನು ಬಿಡಬೇಕು ಎಂದು ಗೊತ್ತುಪಡಿಸುವುದು ಇದೇ ಕಾರಣದಿಂದ.

ಬಾಸ್ ಮೀನು ಕೆಸರು ನಾರುತ್ತದೆ, ತಿನ್ನಲು ಬಾರದು ಎಂಬುದು ತಿನ್ನದವರು ಮುಂದಿಡುವ ದೊಡ್ಡ ವಾದ. ನಾತ ಕೆಲವೊಮ್ಮೆ ಇರುವುದು ನಿಜ. ಆದರೆ ಅದು ಮೀನಿನ ಹುಟ್ಟುಗುಣವಲ್ಲ. ನೀರಿನ ಕೆಲವು ಬಗೆಯ ಪಾಚಿ ಮತ್ತು ಸೂಕ್ಷ್ಮಜೀವಿಗಳು ಜಿಯೋಸ್ಮಿನ್ ಎಂಬ ವಸ್ತುವನ್ನು ಉತ್ಪಾದಿಸುತ್ತವೆ. ಅದು ಕಿವಿರುಗಳ ಮೂಲಕ ಒಳಹೊಕ್ಕು ಮೀನಿನ ಕೊಬ್ಬಿನಲ್ಲಿ ನೆಲೆಸುತ್ತದೆ. ಮುಂಗಾರಿನ ಮೊದಲ ಹನಿ ಬಿದ್ದಾಗ ನೆಲದಿಂದ ಏಳುವ ಕಂಪಿಗೆ ಮುಖ್ಯ ಕಾರಣವೂ ಇದೇ ಜಿಯೋಸ್ಮಿನ್. ಅಂಗಳದಲ್ಲಿ ಸುವಾಸನೆಯಾದುದು ತಟ್ಟೆಯಲ್ಲಿ ದುರ್ವಾಸನೆ! ಲಕ್ಷ ಕೋಟಿ ಭಾಗ ನೀರಿನಲ್ಲಿ ಕೆಲವೇ ಭಾಗ ಇದ್ದರೂ ಮನುಷ್ಯನ ಮೂಗು ಇದನ್ನು ಹಿಡಿಯಬಲ್ಲುದು. ಹುಳಿ ತಾಕಿದರೆ ಇದು ಕೆಡುತ್ತದೆ. ಕನ್ನಡ ನಾಡಿನ ಕೆರೆಮೀನನ್ನು ಉಪ್ಪು, ಅರಿಶಿನ, ಹುಣಿಸೆಹಣ್ಣು ಹಾಕಿ ತಿಕ್ಕಿ ತೊಳೆಯುವ ಗೃಹಿಣಿಯರ ಪದ್ಧತಿಗೆ ರಸಾಯನಶಾಸ್ತ್ರದ ಬೆಂಬಲವಿದೆ ಎಂದಾಯಿತು.

ಅಮೆರಿಕದ ಹಳ್ಳಿಗಾಡಿನ ಅಡುಗೆಯೂ ಸರಳವೇ. ಹಿಡಿದ ಮೀನನ್ನು ಬಿಸಿಲಿನಲ್ಲಿ ಇರಿಸದೆ ಕೂಡಲೇ ಮಂಜುಗಡ್ಡೆಯ ಮೇಲೆ ಇಡಬೇಕು. ಮುಳ್ಳು ಬಿಟ್ಟು ಮಾಂಸವನ್ನು ಹಲ್ಲೆಯಾಗಿ ತೆಗೆದು, ಚರ್ಮವನ್ನೂ ಪಕ್ಕೆಯ ಕಡುಗೆಂಪು ಎಳೆಯನ್ನೂ ಕೊಯ್ದು ಹಾಕಬೇಕು. ನಾತದ ಬಹುಭಾಗ ಅಲ್ಲಿಯೇ ಇರುವುದು. ಸ್ವಲ್ಪ ಹೊತ್ತು ಮಜ್ಜಿಗೆಯಲ್ಲಿ ನೆನೆಸಿ, ಉಪ್ಪು ಮೆಣಸಿನ ಪುಡಿ ಬೆರೆಸಿದ ಮುಸುಕಿನ ಜೋಳದ ಹಿಟ್ಟಿನಲ್ಲಿ ಹೊರಳಿಸಿ, ಕಾದ ಎಣ್ಣೆಯಲ್ಲಿ ಹೊಂಬಣ್ಣ ಬರುವವರೆಗೆ ಕರಿದರೆ, ಬೆಳ್ಳನೆಯ ಮೃದುವಾದ ಮಾಂಸ ಸಿಗುತ್ತದೆ.

ಆದರೆ ಎಲ್ಲಕ್ಕಿಂತ ದೊಡ್ಡ ಮೀನೇ ಊಟಕ್ಕೆ ಶ್ರೇಷ್ಠವೆಂಬ ನಂಬಿಕೆ ಅಪಾಯಕರ. ಬಾಸ್ ಇತರ ಮೀನುಗಳನ್ನು ತಿಂದು ಬದುಕುವುದು. ಅವು ಇನ್ನೂ ಚಿಕ್ಕವನ್ನು. ಹೀಗೆ ನೀರಿಗೆ ಬಿದ್ದ ಪಾದರಸದ ವಿಷ ಮೆಟ್ಟಿಲು ಮೆಟ್ಟಿಲಾಗಿ ಮೇಲೇರಿ, ವಯಸ್ಸಾದ ದೊಡ್ಡ ಬಾಸ್‌ನ ಮಾಂಸದಲ್ಲಿ ಕೂಡಿಕೊಳ್ಳುತ್ತದೆ. ತೊಳೆದರೂ ಬೇಯಿಸಿದರೂ ಅದು ಹೋಗುವುದಿಲ್ಲ. ಗರ್ಭಿಣಿಯರೂ ಚಿಕ್ಕ ಮಕ್ಕಳೂ ಎಚ್ಚರದಿಂದಿರಬೇಕೆಂದು ಅಲ್ಲಿನ ಸಂಸ್ಥಾನಗಳು ಕೆರೆಕೆರೆಗೂ ಸೂಚನೆ ಹೊರಡಿಸುತ್ತವೆ. ಒಂದು ಅಡಿಯ ಆಸುಪಾಸಿನ ಎಳೆಯ ಮೀನು ರುಚಿಗೂ ಲೇಸು, ಆರೋಗ್ಯಕ್ಕೂ ಲೇಸು.

ಇದೇ ಮೀನು ಜಪಾನಿನಲ್ಲಿ ಬೇರೆಯೇ ಧರ್ಮಸಂಕಟವನ್ನು ಒಡ್ಡಿತು. 1925ರಲ್ಲಿ ಅಕಾಬೋಶಿ ತೆತ್ಸುಮಾ ಎಂಬ ಉದ್ಯಮಿ ಅಮೆರಿಕದಿಂದ ಬಾಸನ್ನು ತಂದು ಹಕೋನೆಯ ಆಶಿ ಸರೋವರಕ್ಕೆ ಬಿಟ್ಟನು. ಬ್ಲೂಗಿಲ್ ಮೀನು 1960ರಲ್ಲಿ ಷಿಕಾಗೋ ನಗರದ ಮೇಯರ್ ಯುವರಾಜ ಅಕಿಹಿತೋ ಅವರಿಗೆ ಕೊಟ್ಟ ಕಾಣಿಕೆಯಾಗಿ ಬಂದಿತು. ಕಾಲಕ್ರಮದಲ್ಲಿ ಎರಡೂ ಬಿವಾ ಸರೋವರವನ್ನು ಸೇರಿದವು. ನಲವತ್ತು ಲಕ್ಷ ವರ್ಷಗಳಷ್ಟು ಹಳೆಯದಾದ ಆ ಸರೋವರದಲ್ಲಿ ಬೇರೆಲ್ಲಿಯೂ ಇಲ್ಲದ ಮೀನುಗಳಿದ್ದವು. ಅನ್ನದೊಂದಿಗೆ ಹುದುಗಿಸಿ ಮಾಡುವ ಫುನಾಝುಶಿ ಎಂಬ ಪರಂಪರೆಯ ಖಾದ್ಯಕ್ಕೆ ಬೇಕಾದ ಮೀನೂ ಅಲ್ಲಿಯದೇ. ಹೊಸ ಬೇಟೆಗಾರರ ಬಾಯಿಗೆ ಸಿಕ್ಕಿ ಇವು ಕ್ಷೀಣಿಸಿದವು. ಚಕ್ರವರ್ತಿಯಾಗಿದ್ದ ಅಕಿಹಿತೋ 2007ರಲ್ಲಿ ಬ್ಲೂಗಿಲ್‌ನ ವಿಷಯವಾಗಿ ಬಹಿರಂಗವಾಗಿ ವಿಷಾದ ಸೂಚಿಸಿದರು. ಶಿಗಾ ಪ್ರಾಂತದ ಸರಕಾರವಾದರೋ, ಬಿವಾದಲ್ಲಿ ಹಿಡಿದ ಬಾಸನ್ನು ನೀರಿಗೆ ಮರಳಿ ಬಿಡಕೂಡದೆಂದು 2003ರಿಂದ ನಿಯಮವನ್ನೇ ಜಾರಿಗೆ ತಂದಿತು. ಹಿಡಿದವರು ಹಾಕಲೆಂದು ದಡದಲ್ಲಿ ಪೆಟ್ಟಿಗೆಗಳನ್ನು ಇರಿಸಿತು. ಸರೋವರದ ವಸ್ತುಸಂಗ್ರಹಾಲಯದ ಭೋಜನಶಾಲೆ ಬಾಸ್ ಮೀನನ್ನು ಕರಿದು ಬಡಿಸತೊಡಗಿತು.

2009ರ ಜುಲೈ 2ರಂದು ಅದೇ ಬಿವಾದಲ್ಲಿ, ಬ್ಲೂಗಿಲ್ಲನ್ನೇ ಎರೆಯಾಗಿ ಕಟ್ಟಿ, ಮನಾಬು ಕುರಿತಾ ಎಂಬಾತನು ಹಿಡಿದ ಬಾಸ್ ಪೆರಿಯ ಮೀನಿಗಿಂತ ಒಂದು ಔನ್ಸಿನಷ್ಟು ಹೆಚ್ಚು ತೂಗಿತು. ಹಳೆಯ ದಾಖಲೆಯನ್ನು ಮುರಿಯಲು ಎರಡು ಔನ್ಸಾದರೂ ಹೆಚ್ಚಿರಬೇಕೆಂಬುದು ನಿಯಮ. ಆದುದರಿಂದ ಇಬ್ಬರ ಹೆಸರೂ ಸಮಸಮನಾಗಿ ನಿಂತಿತು. ಕುರಿತಾನನ್ನು ಸುಳ್ಳು ಪತ್ತೆಯ ಯಂತ್ರದ ಮುಂದೆ ಕೂರಿಸಿ ಪರೀಕ್ಷಿಸಿದ್ದೂ ಉಂಟು. ಮೀನು ಹಿಡಿದವರ ಮಾತಿನ ಮೇಲೆ ಲೋಕಕ್ಕಿರುವ ವಿಶ್ವಾಸ ಅಷ್ಟು!

ಒಂದೇ ಮೀನನ್ನು ಬಿಡುವುದು ಒಂದು ಕೆರೆಯಲ್ಲಿ ಸೌಜನ್ಯ, ಇನ್ನೊಂದರಲ್ಲಿ ಅಪರಾಧ. ಆದುದರಿಂದ ಗಾಳ ಹಾಕುವ ಮೊದಲು ಆ ನೀರಿನಲ್ಲಿ ಯಾವ ಮೀನು ಮೂಲನಿವಾಸಿ, ಯಾವುದು ಹೊರಗಿನದು, ಯಾವುದು ಗೂಡು ಕಾಯುತ್ತಿದೆ ಎಂದು ವಿಚಾರಿಸಿಕೊಳ್ಳುವುದು ಅಗತ್ಯ. ಪೆರಿ ಇದೊಂದನ್ನೂ ಕೇಳಿದವನಲ್ಲ. ಮನೆಯಲ್ಲಿ ಉಣ್ಣುವ ಬಾಯಿಗಳಿದ್ದವು, ಕೈಗೆ ಮೀನು ಬಂದಿತು. ತೂಗಿಸಿ ಮನೆಗೆ ಒಯ್ದನು. ಆತನು 1974ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡನು. ಕುರಿತಾನ ಮೀನಿನೊಡನೆ ಆತನ ಮೀನಿನ ಹೆಸರು ಇಂದಿಗೂ ದಾಖಲೆಯಲ್ಲಿದೆ.